ಸುಳ್ಳದಿಂದ ಸಾಗರದಾಚೆಗೆ: ನಡುವಿನ ನಿಲ್ದಾಣದ ಲೆಕ್ಕ

ಹುಬ್ಬಳ್ಳಿಯ ಕೇಶ್ವಾಪುರವನ್ನು ದಾಟಿ ಸುಳ್ಳ ರಸ್ತೆಯನ್ನು ಹಿಡಿದರೆ ಕೆಲವೇ ಹೊತ್ತಿನಲ್ಲಿ ಪಟ್ಟಣದ ಗದ್ದಲ ಹಿಂದೆ ಉಳಿದು ಎರೆಭೂಮಿ ತೆರೆದುಕೊಳ್ಳುತ್ತದೆ. ಹತ್ತಿ, ಕಡಲೆ, ಜೋಳಗಳನ್ನು ನಂಬಿ ಬದುಕಿದ ಒಕ್ಕಲು ಮನೆತನಗಳ ನೆಲವಿದು. ಇಲ್ಲಿಯ ಹಿರಿಯರಿಗೆ ದೂರದ ಪ್ರಯಾಣವೆಂದರೆ ಉಳವಿಯ ಜಾತ್ರೆ, ಕೂಡಲಸಂಗಮ, ಶ್ರೀಶೈಲ. ಆದರೆ ಅವರ ಮಕ್ಕಳು ಹುಬ್ಬಳ್ಳಿ-ಧಾರವಾಡಗಳ ಕಾಲೇಜುಗಳಲ್ಲಿ ಓದಿ, ಬೆಂಗಳೂರು-ಪುಣೆಗಳಲ್ಲಿ ಕಾಯಕ ಕಲಿತು, ಅಲ್ಲಿಂದ ಅಮೆರಿಕ, ಜರ್ಮನಿ, ದುಬೈ, ಆಸ್ಟ್ರೇಲಿಯಾಗಳಿಗೆ ಹೋಗಿ ನೆಲೆಸಿದ್ದಾರೆ. ನಮ್ಮ ಸಮಾಜದಲ್ಲಿ ಇಂದು ಇಂಥ ಒಬ್ಬ ಮಗನೋ ಮಗಳೋ ಇಲ್ಲದ ಬಳಗವನ್ನು ಹುಡುಕುವುದು ಕಷ್ಟ.

ಹೀಗಾಗಿ ತಂದೆ-ತಾಯಿಗಳಿಗೂ ವಿಮಾನ ಪ್ರಯಾಣ ಒದಗಿ ಬಂದಿದೆ. ಮಗಳ ಬಾಣಂತನಕ್ಕೆ ತಾಯಿ ಹೋಗಬೇಕು. ಮೊಮ್ಮಗನ ಲಿಂಗಧಾರಣೆಗೆ ಅಜ್ಜ ಇರಬೇಕು. ಊರಲ್ಲಿ ಮದುವೆ ನಿಂತರೆ ಮಗ ಬರಬೇಕು. ಟಿಕೀಟು ದೊರೆತ ಸಂಭ್ರಮದಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ. ಹುಬ್ಬಳ್ಳಿಯಿಂದ ಪರದೇಶಕ್ಕೆ ನೇರ ವಿಮಾನವಿಲ್ಲ. ನಡುವೆ ಒಂದು ಊರಿನಲ್ಲಿ ಇಳಿದು, ಸ್ವದೇಶದ ವಿಮಾನದಿಂದ ವಿದೇಶದ ವಿಮಾನಕ್ಕೆ ದಾಟಲೇಬೇಕು. ಹದಿನೆಂಟು ಇಪ್ಪತ್ತು ತಾಸಿನ ಪ್ರಯಾಣದಲ್ಲಿ ಕೆಡುಕು ಸಂಭವಿಸುವುದು ಆಕಾಶದಲ್ಲಿ ಅಲ್ಲ, ಬಹುಮಟ್ಟಿಗೆ ಈ ದಾಟುವಿಕೆಯಲ್ಲಿಯೇ. ಅಲ್ಲಿ ವಿಮಾನ ತಪ್ಪಿದರೆ ಒಂದು ಸುಗ್ಗಿಯ ಹತ್ತಿಯ ಹಣ ಒಂದೇ ರಾತ್ರಿಯಲ್ಲಿ ಹೋದೀತು. ಹಣಕ್ಕಿಂತ ಹೆಚ್ಚಿನದೂ ಹೋದೀತು. ಆದುದರಿಂದ ಈ ವಿಷಯವನ್ನು ಕುಟುಂಬ ಬಂಧುಗಳ ಮುಂದೆ ಕೊಂಚ ವಿಸ್ತಾರವಾಗಿಯೇ ಇಡುತ್ತಿದ್ದೇವೆ.

ಹುಬ್ಬಳ್ಳಿಯ ನಿಲ್ದಾಣ ಮತ್ತು ಮುಂದಿನ ದಾರಿಗಳು

ಗೋಕುಲ ರಸ್ತೆಯ ವಿಮಾನ ನಿಲ್ದಾಣ ಹಳೆಯದೇ ಆದರೂ ಬಹುಕಾಲ ಅಲ್ಲಿ ವಿಮಾನಗಳು ವಿರಳವಾಗಿದ್ದವು. ಪರದೇಶಕ್ಕೆ ಹೊರಟವರು ರಾತ್ರಿ ಬಸ್ಸಿನಲ್ಲಿ ಮುಂಬಯಿ ಸೇರಿ, ಬಂಧುಗಳ ಮನೆಯಲ್ಲಿ ಒಂದು ದಿನ ತಂಗಿ, ಮರುದಿನ ಸಹಾರ ನಿಲ್ದಾಣಕ್ಕೆ ಹೋಗುತ್ತಿದ್ದರು. ದೇಹಕ್ಕೆ ದಣಿವಾದರೂ ಆ ಪದ್ಧತಿಯಲ್ಲಿ ಅವಸರವಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಕೇಂದ್ರ ಸರಕಾರದ ಉಡಾನ್ ಯೋಜನೆಯ ಬಲದಿಂದ 2018ರಿಂದ ಬೆಂಗಳೂರು, ಮುಂಬಯಿ, ಹೈದರಾಬಾದ್ ಮೊದಲಾದ ಊರುಗಳಿಗೆ ವಿಮಾನಗಳು ಹೆಚ್ಚಿದವು. 2022ರ ನವೆಂಬರ್‌ನಲ್ಲಿ ದಿಲ್ಲಿಗೆ ಇಂಡಿಗೊ ವಿಮಾನ ಆರಂಭವಾಯಿತು. 2024ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡ ಟರ್ಮಿನಲ್ಲಿಗೆ ಅಡಿಗಲ್ಲು ಬಿದ್ದಿದೆ.

ಇದು ಸಂತೋಷದ ಸಂಗತಿ. ಆದರೆ ಒಂದು ಮಾತನ್ನು ನೆನಪಿನಲ್ಲಿಡಬೇಕು. ಹುಬ್ಬಳ್ಳಿಯಂಥ ನಿಲ್ದಾಣದಿಂದ ಒಂದು ಊರಿಗೆ ದಿನಕ್ಕೆ ಹೋಗುವ ವಿಮಾನಗಳು ಬೆರಳೆಣಿಕೆಯಷ್ಟು. ದಿಲ್ಲಿ-ಮುಂಬಯಿಗಳ ನಡುವೆ ಒಂದು ವಿಮಾನ ರದ್ದಾದರೆ ಮುಂದಿನ ತಾಸಿಗೆ ಇನ್ನೊಂದು ಇರುತ್ತದೆ. ಹುಬ್ಬಳ್ಳಿಯಲ್ಲಿ ರದ್ದಾದರೆ ಮುಂದಿನದು ಸಂಜೆಗೋ ಮರುದಿನಕ್ಕೋ. ಋತುವಿಗೆ ತಕ್ಕಂತೆ ವೇಳಾಪಟ್ಟಿಯೂ ಬದಲಾಗುತ್ತದೆ. ದೊಡ್ಡ ಊರಿನವರಿಗೆ ಸಾಕಾಗುವ ಅಂತರ ನಮಗೆ ಸಾಕಾಗದಿರುವುದಕ್ಕೆ ಇದೇ ಮುಖ್ಯ ಕಾರಣ.

2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶಕ್ಕೆಲ್ಲ ಇದರ ಅನುಭವವಾಯಿತು. ವಿಮಾನ ಚಾಲಕರ ಕರ್ತವ್ಯದ ಅವಧಿಯ ಹೊಸ ನಿಯಮಗಳಿಗೆ ತಕ್ಕ ಸಿದ್ಧತೆ ಸಾಲದೆ ಇಂಡಿಗೊ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಹುಬ್ಬಳ್ಳಿಯಲ್ಲಿ ಏರ್ಪಾಡಾಗಿದ್ದ ಒಂದು ಆರತಕ್ಷತೆಗೆ ವಧೂವರರೇ ಬಂದು ತಲುಪಲಾಗಲಿಲ್ಲ. ಅವರು ಬೇರೆ ಊರಿನಲ್ಲಿಯೇ ಸಿಂಗರಿಸಿಕೊಂಡು ಕುಳಿತು, ಪರದೆಯ ಮೂಲಕ ಬಂಧುಗಳ ಆಶೀರ್ವಾದ ಪಡೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ.

ಟಿಕೀಟು ಒಂದೋ, ಎರಡೋ?

ಪ್ರಯಾಣ ನಿಶ್ಚಯಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ. ಹುಬ್ಬಳ್ಳಿಯಿಂದ ಕೊನೆಯ ಊರಿನವರೆಗೆ ಒಂದೇ ಟಿಕೀಟೋ ಅಥವಾ ಎರಡು ಬಿಡಿ ಟಿಕೀಟುಗಳೋ ಎಂಬುದು. ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇಡೀ ಪ್ರಯಾಣವಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಲ್ಲಿ ಮುಂದಿನ ವಿಮಾನದಲ್ಲಿ ಸ್ಥಳ ಕೊಡಿಸುವ ಹೊಣೆ ಸಂಸ್ಥೆಯದು. ಬಿಡಿಬಿಡಿಯಾಗಿ ಕೊಂಡಿದ್ದರೆ ಎರಡನೆಯ ಸಂಸ್ಥೆಗೆ ಮೊದಲನೆಯದರ ಸುದ್ದಿಯೇ ತಿಳಿಯದು. ಅದರ ಕಣ್ಣಿಗೆ ನೀವು ಬಾರದೆ ಉಳಿದ ಪ್ರಯಾಣಿಕರು. ಹೋಗುವ ಟಿಕೀಟಿನೊಡನೆ ಮರಳಿ ಬರುವ ಟಿಕೀಟೂ ರದ್ದಾಗುವ ಸಂಭವವುಂಟು.

ಸರಕಾರದ ನಿಯಮಗಳು ಪ್ರಯಾಣಿಕರಿಗೆ ಕೆಲವು ರಕ್ಷಣೆಗಳನ್ನು ಒದಗಿಸಿವೆ. ಸ್ವದೇಶದ ವಿಮಾನ ರದ್ದಾದರೆ ಬದಲಿ ವಿಮಾನವನ್ನಾಗಲಿ ಹಣವನ್ನಾಗಲಿ ಕೇಳಬಹುದು. ಆರು ತಾಸಿಗಿಂತ ಹೆಚ್ಚು ತಡವಾಗುವುದಿದ್ದರೂ ಅದೇ ಆಯ್ಕೆಯುಂಟು. ಆದರೆ ಈ ರಕ್ಷಣೆ ಆ ಒಂದು ಟಿಕೀಟಿಗೆ ಮಾತ್ರ. ಮೂರು ಸಾವಿರದ ಹುಬ್ಬಳ್ಳಿ ಟಿಕೀಟಿನ ಹಣ ಮರಳಿ ಬಂದರೂ, ಬೇರೆಯಾಗಿ ಕೊಂಡ ಲಕ್ಷ ರೂಪಾಯಿಯ ಅಮೆರಿಕದ ಟಿಕೀಟನ್ನು ಯಾರೂ ಕಟ್ಟಿಕೊಡರು.

ಲಗೇಜಿನ ವಿಷಯದಲ್ಲಿಯೂ ಇದೇ ಭೇದ. ಸ್ವದೇಶದ ಸಾಧಾರಣ ಟಿಕೀಟಿಗೆ 15 ಕಿಲೋ ಲಗೇಜು ರೂಢಿ. ಅಮೆರಿಕದ ಟಿಕೀಟಿಗೆ ಬಹುಸಂಸ್ಥೆಗಳು ತಲಾ 23 ಕಿಲೋದ ಒಂದು ಅಥವಾ ಎರಡು ಪೆಟ್ಟಿಗೆಗಳನ್ನು ಕೊಡುತ್ತವೆ. ಒಂದೇ ಟಿಕೀಟಿದ್ದರೆ ಸಾಮಾನ್ಯವಾಗಿ ಹುಬ್ಬಳ್ಳಿಯಿಂದಲೇ ದೊಡ್ಡ ಪ್ರಮಾಣ ಅನ್ವಯಿಸುತ್ತದೆ. ಪೆಟ್ಟಿಗೆಯ ಚೀಟಿ ಕೊನೆಯ ಊರಿನವರೆಗೆ ಬೀಳುವ ಸಾಧ್ಯತೆಯೂ ಇದೆ. ಎರಡು ಟಿಕೀಟಾದರೆ ಗೋಕುಲ ರಸ್ತೆಯ ಕೌಂಟರಿನಲ್ಲಿಯೇ ಹೆಚ್ಚುವರಿ ತೂಕಕ್ಕೆ ಹಣ ತೆರಬೇಕು. ನಡುವಿನ ಊರಿನಲ್ಲಿ ಪೆಟ್ಟಿಗೆಗಳನ್ನು ಇಳಿಸಿಕೊಂಡು, ಹೊರಬಂದು, ಮತ್ತೆ ಸರದಿಯಲ್ಲಿ ನಿಂತು ಕೊಡಬೇಕು. ಅಗ್ಗವೆಂದು ತೋರಿದ್ದು ಇಷ್ಟೆಲ್ಲ ಸೇರಿದಾಗ ಅಗ್ಗವಾಗಿ ಉಳಿಯುವುದಿಲ್ಲ.

ಏರ್ ಫ್ರಾನ್ಸ್, ಕೆ.ಎಲ್.ಎಂ., ಕತಾರ್ ಮೊದಲಾದ ಸಂಸ್ಥೆಗಳೊಡನೆ ಇಂಡಿಗೊ ಒಡಂಬಡಿಕೆ ಮಾಡಿಕೊಂಡಿದೆ. ನಿಮ್ಮ ಮಾರ್ಗಕ್ಕೆ ಹುಬ್ಬಳ್ಳಿಯಿಂದಲೇ ಒಂದೇ ಟಿಕೀಟು ದೊರೆಯುವುದೇ ಎಂದು ಏಜೆಂಟರನ್ನು ಕೇಳಿರಿ. ಸ್ವಲ್ಪ ದರ ಹೆಚ್ಚಾದರೂ ಅದನ್ನೇ ಕೊಳ್ಳುವುದು ಜಾಣತನ. ಚೀಟಿಯ ಮೇಲೆ ಕೊನೆಯ ಊರಿನ ಸಂಕೇತವಿದೆಯೇ ಎಂಬುದನ್ನು ಹುಬ್ಬಳ್ಳಿಯ ಕೌಂಟರಿನಲ್ಲಿಯೇ ಓದಿ ನೋಡಬೇಕು. ಬೆಂಗಳೂರಿನ ಸಂಕೇತ ಬಿ.ಎಲ್.ಆರ್. ಮಾತ್ರ ಇದ್ದರೆ ಪೆಟ್ಟಿಗೆ ಬೆಂಗಳೂರಿನಲ್ಲಿಯೇ ಇಳಿಯುತ್ತದೆ ಎಂದರ್ಥ.

ಒಂದೇ ಟಿಕೀಟಿನಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಹುಬ್ಬಳ್ಳಿಯ ವಿಮಾನ ರದ್ದಾಯಿತೆಂದು ಯಾರಿಗೂ ಹೇಳದೆ ಕಾರು ಮಾಡಿಕೊಂಡು ಬೆಂಗಳೂರಿಗೆ ಹೋಗಬಾರದು. ಮೊದಲ ಹಂತದಲ್ಲಿ ಏರದಿದ್ದರೆ ಉಳಿದ ಹಂತಗಳನ್ನು ಗಣಕಯಂತ್ರ ತಾನೇ ರದ್ದುಗೊಳಿಸುವ ಪದ್ಧತಿಯಿದೆ. ಹೊರಡುವ ಮೊದಲು ಸಂಸ್ಥೆಗೋ ಏಜೆಂಟರಿಗೋ ತಿಳಿಸಿ, ಮುಂದಿನ ಹಂತಗಳು ಉಳಿದಿವೆಯೆಂದು ಬರವಣಿಗೆಯಲ್ಲಿ ಪಡೆಯಬೇಕು.

ಒಂದೇ ಊರು, ಬೇರೆ ಬೇರೆ ಕಟ್ಟಡ

ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಬಹುಕಾಲ ಅಲ್ಲಿ ಒಂದೇ ಕಟ್ಟಡವಿತ್ತು. ಸ್ವದೇಶದ ವಿಮಾನದಿಂದ ಇಳಿದವರು ಅದೇ ಸೂರಿನಡಿ ವಿದೇಶದ ವಿಭಾಗಕ್ಕೆ ಹೋಗುತ್ತಿದ್ದರು. 2022ರ ನವೆಂಬರ್‌ನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಗಿ, 2023ರ ಸೆಪ್ಟೆಂಬರ್‌ನಲ್ಲಿ ವಿದೇಶದ ವಿಮಾನಗಳೆಲ್ಲ ಅಲ್ಲಿಗೆ ಸ್ಥಳಾಂತರಗೊಂಡವು. ಇಂಡಿಗೊದ ಸ್ವದೇಶದ ವಿಮಾನಗಳು ಮೊದಲನೆಯ ಟರ್ಮಿನಲ್ಲಿನಲ್ಲಿ ಉಳಿದವು. ಹೀಗಾಗಿ ಹುಬ್ಬಳ್ಳಿಯಿಂದ ಹೋದವರು ಒಂದು ಕಟ್ಟಡದಲ್ಲಿ ಇಳಿದು, ಹೊರಬಂದು, ಉಚಿತ ಬಸ್ಸನ್ನು ಹಿಡಿದು ಇನ್ನೊಂದು ಕಟ್ಟಡಕ್ಕೆ ಹೋಗಬೇಕಾಗುತ್ತದೆ. ದೂರ ಹೆಚ್ಚಿಲ್ಲವಾದರೂ ಪೆಟ್ಟಿಗೆ ಕಾಯುವುದು, ಬಸ್ಸು ಕಾಯುವುದು, ಹೊಸ ಬಾಗಿಲಲ್ಲಿ ಟಿಕೀಟು-ಪಾಸ್‌ಪೋರ್ಟ್ ತೋರಿಸುವುದು ಎಲ್ಲ ಸೇರಿ ಒಂದು ತಾಸು ಕಳೆಯುವುದು ಸಹಜ. ನಿಮ್ಮ ಟಿಕೀಟಿನಲ್ಲಿ ಟರ್ಮಿನಲ್ ಸಂಖ್ಯೆ ಅಚ್ಚಾಗಿರುತ್ತದೆ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿಕೊಳ್ಳಿರಿ.

ಮುಂಬಯಿಯಲ್ಲಿ ಸಾಂತಾಕ್ರೂಜ್ ಮತ್ತು ಸಹಾರ ಎಂಬ ಎರಡು ಟರ್ಮಿನಲ್ಲುಗಳ ನಡುವೆ ನಗರದ ರಸ್ತೆಯೇ ಇದೆ. ಮಳೆಗಾಲದ ಸಂಜೆ ಆ ಕೆಲವು ಕಿಲೋಮೀಟರು ಎಷ್ಟು ಹೊತ್ತು ತೆಗೆದುಕೊಂಡೀತೆಂದು ಹೇಳಲಾಗದು. 2025ರ ಅಕ್ಟೋಬರ್‌ನಲ್ಲಿ ನವಿ ಮುಂಬಯಿಯ ಪ್ರತ್ಯೇಕ ನಿಲ್ದಾಣ ಉದ್ಘಾಟನೆಯಾಗಿರುವುದರಿಂದ ಟಿಕೀಟಿನಲ್ಲಿ ಯಾವ ಮುಂಬಯಿ ಎಂಬುದನ್ನೂ ನೋಡಬೇಕಾಗಿದೆ. ದಿಲ್ಲಿಯಲ್ಲಿ ಇಂದಿರಾ ಗಾಂಧಿ ನಿಲ್ದಾಣದ ಒಂದನೆಯ ಟರ್ಮಿನಲ್ ಮೂರನೆಯದರಿಂದ ಹಲವು ಕಿಲೋಮೀಟರು ದೂರ. ಗಾಜಿಯಾಬಾದ್ ಬಳಿಯ ಹಿಂಡನ್ ನಿಲ್ದಾಣವಂತೂ ಯಮುನೆಯ ಆಚೆ ಇದೆ. 2019ರ ನವೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಹಿಂಡನ್‌ಗೆ ವಿಮಾನ ಆರಂಭವಾದಾಗ ಅದನ್ನು ದಿಲ್ಲಿಯ ವಿಮಾನವೆಂದೇ ಜನ ಕರೆದರು. ದಿಲ್ಲಿಯಲ್ಲಿ ಕೆಲಸವಿದ್ದವರಿಗೆ ಅದು ಅನುಕೂಲವೇ. ಆದರೆ ಅಲ್ಲಿಳಿದು ವಿದೇಶದ ವಿಮಾನ ಹಿಡಿಯುವವರು ದಿಲ್ಲಿ ನಗರವನ್ನೇ ಅಡ್ಡಹಾಯಬೇಕು. ಹೈದರಾಬಾದಿನ ಶಂಷಾಬಾದ್‌ನಲ್ಲಿ ಮಾತ್ರ ಸ್ವದೇಶ-ವಿದೇಶಗಳೆರಡೂ ಒಂದೇ ಕಟ್ಟಡದಲ್ಲಿವೆ. ವಯಸ್ಸಾದವರಿಗೆ ಇದೊಂದು ಪರಿಗಣಿಸತಕ್ಕ ಅನುಕೂಲ.

ಗಡಿಯಾರವನ್ನು ಹಿಂದಕ್ಕೆ ಎಣಿಸುವ ಕ್ರಮ

ಬೆಂಗಳೂರಿನಿಂದ ಕೊಲ್ಲಿ ದೇಶಗಳಿಗೂ ಯುರೋಪಿಗೂ ಹೋಗುವ ಅನೇಕ ವಿಮಾನಗಳು ನಡುರಾತ್ರಿಯ ನಂತರ ಹೊರಡುತ್ತವೆ. ಇಲ್ಲಿ ಮೊದಲ ಮೋಸ ದಿನಾಂಕದ್ದು. 15ನೆಯ ತಾರೀಖಿನ ರಾತ್ರಿ 2-30 ಎಂದಿದ್ದರೆ 14ನೆಯ ತಾರೀಖಿನ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ.

ಇದೇ 2-30ರ ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಿದೇಶದ ಕೌಂಟರುಗಳು ಹೊರಡುವ ಒಂದು ತಾಸು, ಕೆಲವು ಸಂಸ್ಥೆಗಳಲ್ಲಿ 75 ನಿಮಿಷ ಮೊದಲೇ ಮುಚ್ಚುತ್ತವೆ. ನಂತರ ಇಮಿಗ್ರೇಷನ್, ಭದ್ರತಾ ತಪಾಸಣೆ, ದ್ವಾರದವರೆಗಿನ ನಡಿಗೆ. ಆದುದರಿಂದ ರಾತ್ರಿ 11ರ ಒಳಗೆ ಎರಡನೆಯ ಟರ್ಮಿನಲ್ಲಿನ ಬಾಗಿಲಲ್ಲಿರಬೇಕು. ಸಂಜೆ ಏಳರ ವಿಮಾನಕ್ಕೆ ಹುಬ್ಬಳ್ಳಿಯಲ್ಲಿ ಏರಿದರೆ ಎಂಟೂವರೆಯೊಳಗೆ ಬೆಂಗಳೂರು. ಕಾಗದದ ಮೇಲೆ ಆರು ತಾಸಿನ ಅಂತರ. ಯಾರಿಗಾದರೂ ಬೇಕಾದಷ್ಟೆಂದೇ ತೋರುತ್ತದೆ.

ಆದರೆ ಆ ವಿಮಾನ ಸಂಜೆ ಆರಕ್ಕೆ ರದ್ದಾಯಿತೆಂದು ಭಾವಿಸಿರಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಿಂದ ಸುಮಾರು 400 ಕಿಲೋಮೀಟರು. ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮಾರ್ಗವಾಗಿ ನಗರವನ್ನು ತಪ್ಪಿಸಿ ಹೋದರೂ, ಊಟ ವಿಶ್ರಾಂತಿಗಳೊಡನೆ ಎಂಟು ತಾಸು ಬೇಕೇಬೇಕು. ಆರಕ್ಕೆ ಹೊರಟವರು ದೇವನಹಳ್ಳಿ ತಲುಪುವಾಗ ಕೌಂಟರು ಮುಚ್ಚಿರುತ್ತದೆ. ಆರು ತಾಸಿನ ಅಂತರವೂ ಭದ್ರವಲ್ಲವೆಂಬುದು ಇದರಿಂದ ಸ್ಪಷ್ಟ.

ಆದುದರಿಂದ ಹುಬ್ಬಳ್ಳಿಯ ವಿಮಾನ ರದ್ದಾದ ಸುದ್ದಿ ತಿಳಿದ ಮೇಲೆಯೂ ರಸ್ತೆಯಿಂದ ಹೋಗಿ ತಲುಪಲು ಸಾಧ್ಯವಿರುವ ಹೊತ್ತಿನ ವಿಮಾನವನ್ನೇ ಆರಿಸಿಕೊಳ್ಳಬೇಕೆಂಬುದು ನಮ್ಮ ಸಲಹೆ. ರಾತ್ರಿ 2-30ರ ವಿಮಾನಕ್ಕೆ ಮಧ್ಯಾಹ್ನ 12ರೊಳಗಿನ ವಿಮಾನ ಯೋಗ್ಯ. ಬೆಳಗಿನ ವಿಮಾನ ತಪ್ಪಿದರೆ ಮಧ್ಯಾಹ್ನದ ರೈಲೂ ಒಂದು ಆಧಾರ. 2023ರ ಜೂನ್ 27ರಂದು ಆರಂಭವಾದ ಧಾರವಾಡ-ಬೆಂಗಳೂರು ವಂದೇ ಭಾರತ್ ಮಧ್ಯಾಹ್ನ ಇಲ್ಲಿಂದ ಹೊರಟು ಅದೇ ಸಂಜೆ ಬೆಂಗಳೂರು ಸೇರುತ್ತದೆ. ನಗರದ ಮಧ್ಯದಿಂದ ದೇವನಹಳ್ಳಿಗೆ ಇನ್ನೆರಡು ತಾಸು ಹಿಡಿದರೂ ಲೆಕ್ಕ ಸರಿಹೋಗುತ್ತದೆ. ಬೆಳಿಗ್ಗೆಯ ವಿದೇಶ ವಿಮಾನವಾದರೆ ಹಿಂದಿನ ದಿನವೇ ಹೋಗಿ ಬಂಧುಗಳಲ್ಲಿ ತಂಗುವುದು ಒಳ್ಳೆಯದು. ಮಳೆಗಾಲದ ಮೋಡ, ಚಳಿಗಾಲದ ದಿಲ್ಲಿಯ ಮಂಜು, ಬೆಂಗಳೂರಿನ ಮುಂಜಾವಿನ ಮಂಜು ಇವುಗಳಿಗೆ ವೇಳಾಪಟ್ಟಿ ತಿಳಿಯದು.

ಚೀಲದೊಳಗಿನ ಅಡೆತಡೆಗಳು

ಅವಸರದ ದಾಟುವಿಕೆಯಲ್ಲಿ ತಪಾಸಣೆಗೆಂದು ತೆರೆಸಿದ ಒಂದು ಚೀಲ ಅರ್ಧ ತಾಸು ತಿನ್ನುತ್ತದೆ. ಮಗಳಿಗೆಂದು ತಾಯಿ ಕಟ್ಟುವ ಬುತ್ತಿಯಲ್ಲಿಯೇ ಇದಕ್ಕೆ ಕಾರಣಗಳಿರುತ್ತವೆ. ಒಣ ಕೊಬ್ಬರಿ ಎಣ್ಣೆಯಂಶದ ಪದಾರ್ಥವಾದ್ದರಿಂದ ಬೆಂಕಿಯ ಭಯಕ್ಕೆ ನಮ್ಮ ನಿಲ್ದಾಣಗಳಲ್ಲಿ ಅದನ್ನು ತಡೆಯುತ್ತಾರೆ. ಬಾಣಂತಿಯ ಅಂಟಿನುಂಡಿಗೆಂದು ಕೊಬ್ಬರಿ ಬಟ್ಟಲು ಒಯ್ಯುವ ಬದಲು ಉಂಡಿಯನ್ನೇ ಮಾಡಿ ಒಯ್ಯುವುದು ಮೇಲು. ತುಪ್ಪ, ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿ ಇಡಬಾರದು. ವಿದೇಶದ ವಿಮಾನಕ್ಕೆ 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಕೈಚೀಲದಲ್ಲಿ ಸಲ್ಲದು. ಹುಬ್ಬಳ್ಳಿಯ ತಪಾಸಣೆಯಲ್ಲಿ ಬಿಟ್ಟದ್ದನ್ನು ಬೆಂಗಳೂರಿನ ಎರಡನೆಯ ತಪಾಸಣೆಯಲ್ಲಿ ತೆಗೆಸಬಹುದು. ಫೋನಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ. ಅದು ಕೈಚೀಲದಲ್ಲಿಯೇ ಇರಬೇಕು, ಪೆಟ್ಟಿಗೆಯಲ್ಲಿದ್ದರೆ ಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ.

ಅಮೆರಿಕಕ್ಕೆ ಹೋಗುವವರ ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿಯಿದ್ದರೆ 2018ರಿಂದ ವಿಶೇಷ ತಪಾಸಣೆಯುಂಟು. ಚಟ್ನಿಪುಡಿಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕಿರಿ. ಧಾರಣೆಗೆ ಬೇಕಾದ ವಿಭೂತಿಗಟ್ಟಿ ಒಂದನ್ನು ಕೈಯಲ್ಲಿಟ್ಟುಕೊಂಡರೆ ಸಾಕು. ಹಸಿ ಕರಿಬೇವು, ಹಣ್ಣುಗಳನ್ನು ಅಮೆರಿಕದವರು ಒಳಗೆ ಬಿಡುವುದಿಲ್ಲ.

ಇಷ್ಟಲಿಂಗ ಧರಿಸಿದವರಲ್ಲಿ ಕೆಲವರು ತಪಾಸಣೆಗೆ ಅಂಜುತ್ತಾರೆ. ಬೆಳ್ಳಿಯ ಕರಡಿಗೆ ಲೋಹವಾದ್ದರಿಂದ ಯಂತ್ರ ಸದ್ದು ಮಾಡುತ್ತದೆ. ಯಂತ್ರದೊಳಗೆ ಕಾಲಿಡುವ ಮೊದಲೇ ಸಿಬ್ಬಂದಿಗೆ ಶಾಂತವಾಗಿ ತಿಳಿಸಿ, ಮರೆಯ ಕೋಣೆಯಲ್ಲಿ ತಪಾಸಣೆ ಮಾಡಬೇಕೆಂದು ವಿನಂತಿಸಬಹುದು. ಅದಕ್ಕೂ ಹತ್ತು ನಿಮಿಷ ಬೇಕು. ಅಂತರ ಧಾರಾಳವಾಗಿದ್ದವರಿಗೆ ಆ ಹತ್ತು ನಿಮಿಷ ಭಾರವಾಗದು.

ಮಕ್ಕಳು ಮಾಡಬೇಕಾದುದು

ಬಹುಪಾಲು ಟಿಕೀಟುಗಳನ್ನು ಕೊಳ್ಳುವವರು ಪರದೇಶದಲ್ಲಿರುವ ಮಕ್ಕಳು. ಅವರಿಗೆ ನಮ್ಮದೊಂದು ಮಾತು. ನೀವು ಒಂದು ಹೆಗಲ ಚೀಲದೊಡನೆ ಎರಡು ತಾಸಿನಲ್ಲಿ ದಾಟುವ ನಿಲ್ದಾಣವನ್ನು ಮೊಣಕಾಲು ನೋವಿರುವ ತಾಯಿ ಅಷ್ಟರಲ್ಲಿ ದಾಟಲಾರರು. ಇಂಗ್ಲಿಷ್ ಫಲಕಗಳನ್ನು ಓದುವುದೂ ಅವರಿಗೆ ಸುಲಭವಲ್ಲ. ಅಂತರವನ್ನು ನಿಮ್ಮ ಕಾಲಿನಿಂದ ಅಳೆಯದೆ ಅವರ ಕಾಲಿನಿಂದ ಅಳೆಯಿರಿ. ಗಾಲಿಕುರ್ಚಿಯನ್ನು ಕನಿಷ್ಠ 48 ತಾಸು ಮೊದಲು, ಎರಡೂ ವಿಮಾನಗಳಿಗೂ ಕೋರಿಡಿರಿ. ನಡೆಯಬಲ್ಲೆವೆಂದು ಹಿರಿಯರು ಸಂಕೋಚಪಟ್ಟರೂ ಒಪ್ಪಿಸಿರಿ. ಕುರ್ಚಿಯನ್ನು ತಳ್ಳುವ ಸಹಾಯಕ ದಾರಿಯನ್ನೂ ತೋರುತ್ತಾನೆ.

ನಡುವೆ ಮೂರನೆಯ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ ಅಲ್ಲಿ ಹಾದುಹೋಗಲು ವೀಸಾ ಬೇಕೇ ಎಂಬುದನ್ನು ಟಿಕೀಟು ಕೊಳ್ಳುವ ಮೊದಲೇ ವಿಚಾರಿಸಿರಿ. ಬಿಡಿ ಟಿಕೀಟುಗಳಾದರೆ ಅಲ್ಲಿ ಪೆಟ್ಟಿಗೆಗಾಗಿ ದೇಶದೊಳಗೇ ಕಾಲಿಡಬೇಕಾದೀತು. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ಇಳಿಯುವ ಊರಿನಲ್ಲಿಯೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಮತ್ತೆ ಕೊಡಬೇಕು. ಅಲ್ಲಿಯೂ ಮೂರು ತಾಸಿನ ಅಂತರವಿರಲಿ. ಪದೇ ಪದೇ ಪ್ರಯಾಣ ಮಾಡುವವರು ಭಾರತ ಸರಕಾರದ ಶೀಘ್ರ ಇಮಿಗ್ರೇಷನ್ ಯೋಜನೆಗೆ ಹೆಸರು ನೋಂದಾಯಿಸಬಹುದು. 2024ರ ಜೂನ್‌ನಲ್ಲಿ ದಿಲ್ಲಿಯಲ್ಲಿ ಆರಂಭವಾದ ಅದು 2025ರ ಜನವರಿಯಲ್ಲಿ ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೂ ವಿಸ್ತರಿಸಿದೆ.

ಒಂದು ದೊಡ್ಡ ಅಕ್ಷರದ ಚೀಟಿಯಲ್ಲಿ ವಿಮಾನಗಳ ಸಂಖ್ಯೆ, ಟರ್ಮಿನಲ್, ಬುಕಿಂಗ್ ಸಂಖ್ಯೆ, ಮಗನ ವಿಳಾಸ-ಫೋನು ಇವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ತಂದೆಯವರ ಕಿಸೆಯಲ್ಲಿಡಿರಿ. ಔಷಧಿಗಳು ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ.

ಮರಳಿ ಬರುವ ದಾರಿ, ದುಃಖದ ದಾರಿ

ಮರಳಿ ಬರುವಾಗ ಕ್ರಮ ತಿರುಗುತ್ತದೆ. ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿಯೇ ಸಾಮಾನ್ಯವಾಗಿ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಪಡೆದು, ಕಸ್ಟಮ್ಸ್ ದಾಟಿ, ಸ್ವದೇಶದ ವಿಮಾನಕ್ಕೆ ಪುನಃ ಕೊಡಬೇಕು. ಇದಕ್ಕೆ ನಾಲ್ಕು ತಾಸು ಇಟ್ಟುಕೊಳ್ಳುವುದು ಕ್ಷೇಮ. ಸಂತೋಷದ ಕಾರ್ಯಕ್ಕೆ ಬರುವವರು ಒಂದು ದಿನ ತಡವಾದರೂ ನಷ್ಟವಿಲ್ಲ.

ಆದರೆ ಎಲ್ಲ ಪ್ರಯಾಣಗಳೂ ಸಂತೋಷದವಲ್ಲ. ಹಿರಿಯರು ಲಿಂಗೈಕ್ಯರಾದ ಸುದ್ದಿ ನಡುರಾತ್ರಿ ಹೋಗುತ್ತದೆ. ಮಗ ಸಿಕ್ಕಿದ ವಿಮಾನ ಹಿಡಿದು ಹೊರಡುತ್ತಾನೆ. ಇಲ್ಲಿ ಬಳಗವೆಲ್ಲ ಕೂಡಿ, ಮಣ್ಣಿನ ಹೊತ್ತನ್ನು ಮುಂದೂಡಿ, ಅವನ ದಾರಿ ಕಾಯುತ್ತದೆ. ಇಂಥ ಹೊತ್ತಿನಲ್ಲಿ ಒಂದೂವರೆ ತಾಸಿನ ಅಂತರದ ಹುಬ್ಬಳ್ಳಿ ವಿಮಾನವನ್ನು ನಂಬಿ ಮನೆಗೆ ಹೊತ್ತು ತಿಳಿಸುವುದು ಸಲ್ಲದು. ಅದು ತಪ್ಪಿದರೆ ಮುಂದಿನದು ಸಂಜೆಗೆ, ಅಷ್ಟರಲ್ಲಿ ಕಾಯುವ ಶಕ್ತಿ ಮನೆಯವರಿಗೆ ಉಳಿದಿರುವುದಿಲ್ಲ. ತಂದೆಯ ಮುಖದರ್ಶನವಾಗದೆ ಗದ್ದುಗೆಯ ಮಣ್ಣನ್ನಷ್ಟೇ ಮುಟ್ಟಿದ ಮಕ್ಕಳು ನಮ್ಮ ನಡುವೆ ಇದ್ದಾರೆ. ಆ ನೋವಿಗೆ ಸಮಾಧಾನ ಹೇಳುವುದು ಸುಲಭವಲ್ಲ.

ಆಗ ಮಾಡತಕ್ಕದ್ದು ಇಷ್ಟು. ಕೈಚೀಲವೊಂದನ್ನೇ ತೆಗೆದುಕೊಂಡು ಹೊರಟರೆ ಪೆಟ್ಟಿಗೆ ಕಾಯುವ ತಾಸು ಉಳಿಯುತ್ತದೆ. ಪಾಸ್‌ಪೋರ್ಟು, ವೀಸಾ, ಪರದೇಶದ ಪೌರತ್ವ ಪಡೆದವರಿಗೆ ಓ.ಸಿ.ಐ. ಕಾರ್ಡು ಇವು ಸದಾ ಒಂದೇ ಕಡೆ ಸಿದ್ಧವಿರಲಿ. ವಯಸ್ಸಾದವರು ಮನೆಯಲ್ಲಿರುವ ಮಕ್ಕಳಂತೂ ಅವುಗಳ ಅವಧಿ ಮುಗಿಯಗೊಡಬಾರದು. ಬೆಂಗಳೂರಿಗೆ ನೇರವಾಗಿ ಬರುವ ವಿಮಾನ ಆರಿಸಿ, ಇಳಿಯುವ ಹೊತ್ತಿಗೆ ಊರಿನಿಂದ ಅಥವಾ ಬೆಂಗಳೂರಿನ ಬಂಧುಗಳಿಂದ ಕಾರು ಬಾಗಿಲಲ್ಲಿ ನಿಂತಿರುವಂತೆ ಮಾಡಿರಿ. ಹುಬ್ಬಳ್ಳಿಯ ವಿಮಾನ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ರಸ್ತೆಯ ಎಂಟು ತಾಸು ನಿಶ್ಚಿತ. ಮನೆಯ ಹಿರಿಯರಿಗೆ ಆ ನಿಶ್ಚಿತವಾದ ಹೊತ್ತನ್ನೇ ತಿಳಿಸಿರಿ. ಬೇಗ ಬಂದರೆ ಯಾರೂ ಆಕ್ಷೇಪಿಸರು. ಹೇಳಿದ ಹೊತ್ತಿಗೆ ಬಾರದಿದ್ದರೆ ನೂರಾರು ಜನರ ಮುಂದೆ ತಾಯಿಯೊಬ್ಬಳೇ ಉತ್ತರ ಕೊಡಬೇಕಾಗುತ್ತದೆ.

ವಿಮಾನಗಳು ಬಂದದ್ದರಿಂದ ದೂರ ಕಡಿಮೆಯಾಗಿದೆ ಎನ್ನುವುದು ನಿಜ. ಸುಳ್ಳದ ಹೊಲದಂಚಿನಿಂದ ಹೊರಟ ತಾಯಿ ಎರಡನೆಯ ದಿನ ಮಗಳ ತೊಟ್ಟಿಲ ಬಳಿ ನಿಲ್ಲಬಲ್ಲಳು. ಹಿಂದಿನ ತಲೆಮಾರು ಇದನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆ ಅನುಕೂಲದಿಂದ ಉಳಿದ ಸಮಯದಲ್ಲಿ ಒಂದು ಪಾಲನ್ನು ನಡುವಿನ ನಿಲ್ದಾಣಕ್ಕೆ ಮೀಸಲಿಡುವುದು ವಿವೇಕ. ಈ ಬೇಸಿಗೆಯಲ್ಲಿ ಟಿಕೀಟು ಕೊಳ್ಳಲಿರುವ ಕುಟುಂಬಗಳು ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಟಿಕೀಟು ಒಂದೋ ಎರಡೋ, ಟರ್ಮಿನಲ್ ಯಾವುದು, ವಿಮಾನ ರದ್ದಾದರೆ ರಸ್ತೆಯಿಂದ ತಲುಪಬಹುದೇ, ನಡೆಯುವವರ ವಯಸ್ಸೆಷ್ಟು? ಈ ನಾಲ್ಕಕ್ಕೂ ಸಮಾಧಾನಕರ ಉತ್ತರ ದೊರೆತರೆ ನಿಶ್ಚಿಂತೆಯಿಂದ ಹೊರಡಬಹುದು. ಎಲ್ಲರ ಪ್ರಯಾಣ ಸುಖಕರವಾಗಲಿ. ಶರಣು.